ಓದುಗರ ಪ್ರಶ್ನೆ: ಕೊಟ್ಟ ಕಾರು, ಕೇಳದ ಕಿವಿ

ಪ್ರಶ್ನೆ: ನನ್ನ ಹೆಸರಿನಲ್ಲಿ ಕೆ.ಎಲ್. 14, ಅಂದರೆ ಕಾಸರಗೋಡು ನೋಂದಣಿಯ ಕಾರೊಂದಿದೆ. ಮದುವೆ, ಉಪನಯನ, ಮಂಗಳೂರಿನ ಆಸ್ಪತ್ರೆ, ಗಲ್ಫಿನಿಂದ ಬರುವವರನ್ನು ಬಜ್ಪೆ ವಿಮಾನ ನಿಲ್ದಾಣದಿಂದ ಕರೆತರುವುದು ಎಂದು ನೆಂಟರು ಕೇಳಿದಾಗಲೆಲ್ಲ ಕೊಡುತ್ತಾ ಬಂದಿದ್ದೇನೆ. ಇತ್ತೀಚೆಗೆ ನನ್ನ ತಂಗಿಯ ಗಂಡ ಅದನ್ನು ಒಯ್ದಿದ್ದಾಗ, ತಲಪಾಡಿಯಲ್ಲಿ ಕರ್ನಾಟಕದ ಗಡಿ ದಾಟಿದ ಮೇಲೆ ಕಾರು ಸ್ಕೂಟರೊಂದಕ್ಕೆ ಬಡಿದು ಅದರ ಸವಾರನ ಕಾಲು ಮುರಿದಿದೆ. ಭಾವನ ಕೈಗೂ ಪೆಟ್ಟಾಗಿದೆ. ವಿಮೆ ಚಾಲ್ತಿಯಲ್ಲಿದೆ. ನಾನು ಕಾರಿನಲ್ಲಿ ಇರಲೇ ಇಲ್ಲ. ಆದರೂ ನನ್ನ ಮೇಲೆ ಏನಾದರೂ ಬರುವುದುಂಟೇ? ಓಡಿಸಿದ್ದು ನಾನೇ ಎಂದು ಹೇಳಿದರೆ ಎಲ್ಲವೂ ಸುಲಭವಾಗುತ್ತದೆ ಎಂದು ಕೆಲವರು ಹೇಳುತ್ತಿದ್ದಾರೆ.
— ಓದುಗರೊಬ್ಬರು, ನೀರ್ಚಾಲು

ಉತ್ತರ: ಕೊನೆಯ ಮಾತಿಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಉಳಿದದ್ದನ್ನೆಲ್ಲ ಕೆಡಿಸಬಲ್ಲದ್ದು ಅದೇ. ಓಡಿಸಿದ್ದು ನಾನೇ ಎಂದು ದಯವಿಟ್ಟು ಎಲ್ಲಿಯೂ ಹೇಳಬೇಡಿ, ಬರೆದುಕೊಡಬೇಡಿ. ಅಪಘಾತದ ವೇಳೆ ವಾಹನ ಓಡಿಸುತ್ತಿದ್ದವರು ಯಾರೆಂದು ಪೊಲೀಸರು ಕೇಳಿದರೆ ಮಾಲೀಕನು ನಿಜವಾದ ಮಾಹಿತಿ ಕೊಡಬೇಕೆಂದು ಮೋಟಾರು ವಾಹನ ಕಾಯಿದೆಯ 133ನೆಯ ಕಲಮು ವಿಧಿಸುತ್ತದೆ. ಅಪಘಾತದ ಸ್ಥಳದಲ್ಲಿ ಜನ ನೋಡಿರುತ್ತಾರೆ, ಆಸ್ಪತ್ರೆಯ ದಾಖಲೆಯಲ್ಲಿ ನಿಮ್ಮ ಭಾವನ ಹೆಸರು ಇರುತ್ತದೆ, ಆ ಹೊತ್ತಿನಲ್ಲಿ ನಿಮ್ಮ ಮೊಬೈಲು ನೀರ್ಚಾಲಿನಲ್ಲೇ ಇತ್ತು. ಸುಳ್ಳು ಹೊರಬಿದ್ದರೆ, ನ್ಯಾಯವಾಗಿ ಸಿಗಬೇಕಾದ ವಿಮೆಯನ್ನೂ ನಿರಾಕರಿಸಲು ಕಂಪನಿಗೆ ನೀವೇ ಕಾರಣ ಒದಗಿಸಿದಂತಾಗುತ್ತದೆ. ಇಲ್ಲಿ ಸುಳ್ಳಿನ ಅಗತ್ಯವೂ ಇಲ್ಲ. ನಮ್ಮಲ್ಲಿ ವಾಹನ ವಿಮೆ ಇರುವುದು ವಾಹನಕ್ಕೆ. ಮಾಲೀಕನ ಒಪ್ಪಿಗೆಯಿಂದ, ಆ ವರ್ಗದ ವಾಹನ ಓಡಿಸಲು ಚಾಲ್ತಿಯಲ್ಲಿರುವ ಲೈಸೆನ್ಸ್ ಹೊಂದಿದ ಯಾರೇ ಓಡಿಸಿದರೂ ಮೂರನೆಯವರಿಗೆ, ಅಂದರೆ ಆ ಸ್ಕೂಟರ್ ಸವಾರನಂಥ ಹೊರಗಿನವರಿಗೆ ಆದ ಹಾನಿಯನ್ನು ಪಾಲಿಸಿ ಭರಿಸುತ್ತದೆ.

ಹಾಗೆಂದು ನಿಮ್ಮ ಮೇಲೆ ಏನೂ ಬರುವುದಿಲ್ಲ ಎಂದಲ್ಲ. ಅಜಾಗರೂಕ ಚಾಲನೆಯ ಕ್ರಿಮಿನಲ್ ಮೊಕದ್ದಮೆ ಓಡಿಸಿದವರ ಮೇಲೆ ನಡೆಯುತ್ತದೆ. ಆದರೆ ಗಾಯಾಳು ಪರಿಹಾರ ಕೇಳಿ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋದಾಗ ಚಾಲಕ, ಮಾಲೀಕ ಮತ್ತು ವಿಮಾ ಕಂಪನಿ ಮೂವರೂ ಎದುರುದಾರರಾಗುತ್ತಾರೆ. ಅಪಘಾತ ನಡೆದ ಸ್ಥಳದ, ತಾನು ವಾಸಿಸುವ ಸ್ಥಳದ ಅಥವಾ ಎದುರುದಾರ ವಾಸಿಸುವ ಸ್ಥಳದ ನ್ಯಾಯಮಂಡಳಿಯಲ್ಲಿ ಅರ್ಜಿ ಹಾಕುವ ಆಯ್ಕೆ ಗಾಯಾಳುವಿಗೆ ಇರುವುದರಿಂದ, ಗಡಿಯಾಚೆಗೆ ನಡೆದ ಈ ಅಪಘಾತದ ನೋಟೀಸು ನಿಮಗೆ ಮಂಗಳೂರಿನಿಂದ ಬರಬಹುದು. ಬಂದರೆ ಬದಿಗಿಡಬೇಡಿ, ಅದರ ಪ್ರತಿಯನ್ನು ವಿಮಾ ಕಂಪನಿಗೆ ತಲುಪಿಸಿ, ವಕೀಲರ ಮೂಲಕ ಹಾಜರಾಗಿ.

ಇನ್ನು ಎಲ್ಲವೂ ನಿಂತಿರುವುದು ಭಾವನ ಲೈಸೆನ್ಸಿನ ಮೇಲೆ. ಅವರಲ್ಲಿ ಲಘು ಮೋಟಾರು ವಾಹನದ ಲೈಸೆನ್ಸ್ ಇತ್ತೇ, ಅಪಘಾತದ ದಿನ ಅದರ ಅವಧಿ ಮುಗಿದಿರಲಿಲ್ಲವೇ ಎಂದು ಇಂದೇ ನೋಡಿ. ಅವಧಿ ಮುಗಿದ ಮೇಲೂ 30 ದಿನ ಲೈಸೆನ್ಸಿಗೆ ಬೆಲೆ ಇರುತ್ತಿದ್ದ ಕಾಲವೊಂದಿತ್ತು. 2019ರ ತಿದ್ದುಪಡಿ ಆ ರಿಯಾಯಿತಿಯನ್ನು ತೆಗೆದುಹಾಕಿದೆ, ಆದರೆ ನಮ್ಮ ಜನರ ಮನಸ್ಸಿನಿಂದ ಅದಿನ್ನೂ ಹೋಗಿಲ್ಲ. ಲೈಸೆನ್ಸ್ ಇಲ್ಲದವರ ಕೈಗೆ ವಾಹನ ಕೊಟ್ಟ ಮಾಲೀಕನಿಗೆ 180ನೆಯ ಕಲಮಿನಂತೆ ಮೂರು ತಿಂಗಳವರೆಗಿನ ಸೆರೆವಾಸ ಅಥವಾ 5,000 ರೂಪಾಯಿ ದಂಡ ಅಥವಾ ಎರಡೂ ಆಗಬಹುದು. ಅದಕ್ಕಿಂತ ಭಾರವಾದದ್ದು ಪರಿಹಾರದ ಹೊರೆ. ಸುಪ್ರೀಂ ಕೋರ್ಟು 2004ರಲ್ಲಿ ಸ್ವರಣ್ ಸಿಂಗ್ ಪ್ರಕರಣದಲ್ಲಿ ಹೇಳಿದಂತೆ, ಇಂಥ ಸಂದರ್ಭದಲ್ಲಿ ಗಾಯಾಳುವಿಗೆ ವಿಮಾ ಕಂಪನಿಯೇ ಹಣ ಕೊಡಬೇಕಾಗಿ ಬಂದರೂ ಆಮೇಲೆ ಅದನ್ನು ಮಾಲೀಕನಿಂದ ವಸೂಲು ಮಾಡಲು ದಾರಿಯಿದೆ. ಮಾಲೀಕನು ತಕ್ಕ ಎಚ್ಚರ ವಹಿಸಿರಲಿಲ್ಲವೆಂದು ಸಾಧಿಸುವ ಹೊಣೆ ಕಂಪನಿಯದು ಎಂಬುದೂ ಅದೇ ತೀರ್ಪಿನಲ್ಲಿದೆ. ಆದ್ದರಿಂದ ಕೀಲಿಕೈ ಕೊಡುವ ಮೊದಲು ಲೈಸೆನ್ಸಿನ ಫೋಟೋ ಒಂದನ್ನು ಮೊಬೈಲಿಗೆ ತರಿಸಿಕೊಂಡಿದ್ದರೆ ಅದು ಬರಿಯ ಸಂಶಯದ ಮಾತಲ್ಲ, ನಿಮ್ಮ ಪರವಾದ ಸಾಕ್ಷ್ಯ. ಭಾವನಲ್ಲಿ ಲೈಸೆನ್ಸ್ ಕೇಳುವುದು ಮುಜುಗರವೆಂದು ನೀವು ಹೇಳಬಹುದು. ವಿಮೆಯವರು ಕೇಳುತ್ತಾರೆ ಎಂದರೆ ಮುಜುಗರ ಅರ್ಧ ಕಡಿಮೆಯಾಗುತ್ತದೆ, ಮತ್ತು ಅದು ನಿಜವೂ ಹೌದು.

ಭಾವನ ಕೈಯ ಪೆಟ್ಟಿನ ಬಗ್ಗೆ ನಿಮ್ಮ ಪಾಲಿಸಿಯಿಂದ ಹೆಚ್ಚು ನಿರೀಕ್ಷಿಸಬೇಡಿ. ಅದರಲ್ಲಿರುವ 15 ಲಕ್ಷ ರೂಪಾಯಿಯ ಕಡ್ಡಾಯ ಅಪಘಾತ ವಿಮೆ ಓಡಿಸುತ್ತಿರುವ ಮಾಲೀಕನಿಗೆ ಮಾತ್ರ, ಅದೂ ಮರಣ ಅಥವಾ ಶಾಶ್ವತ ಅಂಗವೈಕಲ್ಯವಾದಾಗ. ಎರವಲು ಪಡೆದು ಓಡಿಸುವವನು ಮಾಲೀಕನ ಸ್ಥಾನದಲ್ಲಿ ನಿಲ್ಲುತ್ತಾನೆ, ಆದ್ದರಿಂದ ಮೂರನೆಯವನೆಂದು ಪರಿಹಾರ ಕೇಳುವಂತಿಲ್ಲ ಎಂದು 2009ರಲ್ಲಿ ನಿಂಗಮ್ಮ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿತು. ಅಲ್ಲಿ ಎರವಲು ತಂದ ಮೋಟಾರು ಸೈಕಲು ಎತ್ತಿನ ಗಾಡಿಗೆ ಬಡಿದು ಸವಾರ ತೀರಿಕೊಂಡಿದ್ದ. ಹೀಗಾಗಿ ಭಾವನ ಚಿಕಿತ್ಸೆಗೆ ಅವರದೇ ಆರೋಗ್ಯ ವಿಮೆ ಇದ್ದರೆ ಅದೇ ಗತಿ. ನಿಮ್ಮ ಕಾರು ನಾಲ್ಕು ಮನೆಯವರ ಕೈಯಲ್ಲಿ ಓಡಾಡುವುದಾದರೆ, ಮುಂದಿನ ನವೀಕರಣದ ವೇಳೆ ಹೆಚ್ಚುವರಿ ಪ್ರೀಮಿಯಂ ಕೊಟ್ಟು ಪ್ರಯಾಣಿಕರ ಅಪಘಾತ ವಿಮೆ ಸೇರಿಸಿಕೊಳ್ಳಿ, ಮತ್ತು ಸಂಬಳವಿಲ್ಲದೆ ಓಡಿಸುವ ನೆಂಟರೂ ಅದರೊಳಗೆ ಬರುತ್ತಾರೆಯೇ ಎಂದು ಬರಹದಲ್ಲಿ ಉತ್ತರ ಪಡೆಯಿರಿ.

ಕಾರಿನ ರಿಪೇರಿ ಉಳಿಯಿತು. ಸ್ವಂತ ಹಾನಿಗೆ ವಿಮೆ ಕೇಳಿದರೆ, ಒಂದು ವರ್ಷಕ್ಕೆ ಶೇಕಡ 20ರಿಂದ ಆರಂಭವಾಗಿ ಐದು ವರ್ಷಕ್ಕೆ ಶೇಕಡ 50ರವರೆಗೆ ಬೆಳೆಯುವ ನೋ ಕ್ಲೇಮ್ ಬೋನಸ್, ಅಂದರೆ ವಿಮೆ ಕೇಳದ ವರ್ಷಗಳಿಗಾಗಿ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಇಲ್ಲವಾಗುತ್ತದೆ. ಬಂಪರಿನ ಗೀರು, ಮುರಿದ ಕನ್ನಡಿಯಂಥ ಸಣ್ಣ ಖರ್ಚಾದರೆ ಕೈಯಿಂದ ಕೊಡುವುದೇ ಲಾಭ, ಮತ್ತು ಆ ಕೈ ಭಾವನದ್ದಾಗಿರುವುದು ನ್ಯಾಯ. ಈ ಮಾತನ್ನು ಕೀಲಿಕೈ ಕೊಡುವಾಗ ಆಡಿದರೆ ನಗುವಿನಲ್ಲಿ ಮುಗಿಯುತ್ತದೆ. ವರ್ಕ್‌ಶಾಪಿನ ಬಿಲ್ಲು ಬಂದ ಮೇಲೆ ಆಡಿದರೆ ತಂಗಿಯೂ ಮಾತು ಬಿಡಬಹುದು.

ಪ್ರಶ್ನೆ: ಪ್ಲಸ್ ಟು ಓದುವ ಅಕ್ಕನ ಮಗ ಚೆನ್ನಾಗಿ ಕಾರು ಓಡಿಸುತ್ತಾನೆ. ಅವನಿಗೆ 17 ವರ್ಷ. ಉಪ್ಪಳದ ಪೇಟೆಯವರೆಗೆ ಮಾತ್ರ ಕೊಡಬಹುದೇ? ಪೆಟ್ರೋಲಿನ ಜೊತೆಗೆ ದಿನಕ್ಕಿಷ್ಟು ಎಂದು ಹಣ ಪಡೆದು ಪರಿಚಿತರಿಗೆ ಕಾರು ಕೊಡುವುದರಲ್ಲಿ ತಪ್ಪುಂಟೇ?
— ಓದುಗರೊಬ್ಬರು, ಮಂಜೇಶ್ವರ

ಉತ್ತರ: ಎರಡಕ್ಕೂ ಕೊಡಬಾರದು ಎಂಬುದೇ ಉತ್ತರ. ಅಪ್ರಾಪ್ತನು ಓಡಿಸಿ ಸಿಕ್ಕಿಬಿದ್ದರೆ 199ಎ ಕಲಮಿನಂತೆ ಅಪರಾಧಿ ಎನಿಸಿಕೊಳ್ಳುವವರು ಅವನ ಪೋಷಕರು ಅಥವಾ ವಾಹನದ ಮಾಲೀಕರು: ಮೂರು ವರ್ಷಗಳವರೆಗಿನ ಸೆರೆವಾಸ, 25,000 ರೂಪಾಯಿ ದಂಡ, 12 ತಿಂಗಳು ಕಾರಿನ ನೋಂದಣಿ ರದ್ದು. ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ. ಪೇಟೆ ಎಷ್ಟು ಹತ್ತಿರವಿದೆ ಎಂಬುದನ್ನು ಕಾಯಿದೆ ಕೇಳುವುದಿಲ್ಲ. ಬಾಡಿಗೆಯ ವಿಚಾರದಲ್ಲಿ, ಬಿಳಿ ನಂಬರ್ ಪ್ಲೇಟಿನ ಖಾಸಗಿ ಕಾರನ್ನು ಹಣಕ್ಕೆ ಕೊಟ್ಟರೆ ಪರ್ಮಿಟ್ ಇಲ್ಲದ ಬಳಕೆಯಾಗುತ್ತದೆ, ಮತ್ತು ಖಾಸಗಿ ಕಾರಿನ ಪಾಲಿಸಿ ಬಾಡಿಗೆಯ ಬಳಕೆಯನ್ನು ಸ್ಪಷ್ಟವಾಗಿ ಹೊರಗಿಡುತ್ತದೆ. ಖಾಲಿಯಾದ ಟ್ಯಾಂಕನ್ನು ನೆಂಟರು ತುಂಬಿಸಿ ಕೊಡುವುದು ಬೇರೆ ಮಾತು.

ಪ್ರಶ್ನೆ: ನನ್ನ ತಂದೆಗೆ 72 ವರ್ಷ. ಮರದ ಮಿಲ್ಲಿನಲ್ಲಿ ದುಡಿದವರು. ಈಗ ಟೀವಿಯ ಸದ್ದು ಅಂಗಳದವರೆಗೆ ಕೇಳುತ್ತದೆ. "ಕೇಳುತ್ತದೆ, ಆದರೆ ಏನು ಹೇಳುತ್ತೀರೆಂದು ತಿಳಿಯುವುದಿಲ್ಲ" ಎನ್ನುತ್ತಾರೆ. ಪೇಟೆಯ ಸಭಾಭವನವೊಂದರಲ್ಲಿ ನಡೆದ ಉಚಿತ ತಪಾಸಣೆಯಲ್ಲಿ ಎರಡೂ ಕಿವಿಗೆ ಮೆಷಿನ್ ಬೇಕು, ಇಂದೇ ಮುಂಗಡ ಕೊಟ್ಟರೆ ಅರ್ಧ ಬೆಲೆ ಎಂದರು. ಕೊಡಲಿಲ್ಲ. ಯಾರಲ್ಲಿಗೆ ಹೋಗಬೇಕು, ಸರಿಯಾದವರನ್ನು ಗುರುತಿಸುವುದು ಹೇಗೆ?
— ಓದುಗರೊಬ್ಬರು, ಬದಿಯಡ್ಕ

ಉತ್ತರ: ಕೊಡದೆ ಇದ್ದದ್ದು ಸರಿ. ಫ್ಯಾನು ತಿರುಗುವ, ಜನ ಮಾತಾಡುವ ಸಭಾಭವನದಲ್ಲಿ ಶ್ರವಣ ಪರೀಕ್ಷೆ ನಡೆಸಿದರೆ ಮೆಲುಸದ್ದುಗಳು ಆ ಗದ್ದಲದಲ್ಲೇ ಮುಳುಗಿ, ಇರುವುದಕ್ಕಿಂತ ಹೆಚ್ಚಿನ ಕಿವುಡು ಕಾಣಿಸುತ್ತದೆ.

ಈ ಕ್ಷೇತ್ರದಲ್ಲಿ ಮೂರು ಬಗೆಯ ಜನ ಸಿಗುತ್ತಾರೆ, ಮೂವರನ್ನೂ ನಮ್ಮವರು ಕಿವಿಯ ಡಾಕ್ಟರು ಎಂದೇ ಕರೆಯುತ್ತಾರೆ. ಕಿವಿ ಮೂಗು ಗಂಟಲಿನ ವೈದ್ಯರು ರೋಗವನ್ನು ನೋಡುವವರು. ಆಡಿಯಾಲಜಿಸ್ಟ್, ಅಂದರೆ ಶ್ರವಣತಜ್ಞರು, ಕೇಳುವ ಶಕ್ತಿಯನ್ನು ಅಳೆದು ಸಾಧನವನ್ನು ಹೊಂದಿಸುವವರು, ಬಿ.ಎ.ಎಸ್.ಎಲ್.ಪಿ. ಎಂಬ ಪದವಿ ಅಥವಾ ಅದಕ್ಕಿಂತ ಮೇಲಿನ ಓದು ಅವರದು. ಮೂರನೆಯವರು ಮಾರಾಟಗಾರರು. ಭಾರತೀಯ ಪುನರ್ವಸತಿ ಪರಿಷತ್ತು 1992ರ ಕಾಯಿದೆಯಂತೆ ಶ್ರವಣತಜ್ಞರ ಹೆಸರುಗಳನ್ನು ಕೇಂದ್ರ ನೋಂದಣಿ ಪುಸ್ತಕದಲ್ಲಿ ದಾಖಲಿಸುತ್ತದೆ. ಆ ನೋಂದಣಿ ಸಂಖ್ಯೆಯನ್ನು ಕೇಳುವುದು ನಿಮ್ಮ ಹಕ್ಕು. ಬಿಳಿ ಕೋಟು ಯಾರು ಬೇಕಾದರೂ ಹಾಕಿಕೊಳ್ಳಬಹುದು, ಸಂಖ್ಯೆಯನ್ನು ಹಾಗೆ ಹಾಕಿಕೊಳ್ಳಲಾಗದು.

ಮೊದಲು ವೈದ್ಯರಲ್ಲಿಗೆ ಹೋಗಿ. ಗುಗ್ಗೆ ಗಟ್ಟಿಯಾಗಿ ಮುಚ್ಚಿಕೊಂಡಿರುವುದು, ಕಿವಿಯ ತಮಟೆಯಲ್ಲಿ ತೂತಿರುವುದು ಇವೆಲ್ಲ ಮೆಷಿನ್ನಿನಿಂದ ಸರಿಹೋಗುವಂಥವಲ್ಲ. ಒಂದೇ ಕಿವಿ ಮಂದವಾಗಿದ್ದರೆ, ಕಿವಿ ಸೋರುತ್ತಿದ್ದರೆ, ತಲೆಸುತ್ತು ಇದ್ದರೆ ತಡಮಾಡಬಾರದು. ಒಂದೆರಡು ದಿನದೊಳಗೆ ಹಠಾತ್ತನೆ ಕೇಳಿಸುವುದು ನಿಂತಿದ್ದರಂತೂ ಅದು ತುರ್ತು ಸಂಗತಿ. ಔಷಧ ಫಲಿಸುವ ಕಾಲ ಬಹಳ ಕಡಿಮೆ. ನಿಮ್ಮ ತಂದೆಯವರದು ಹಾಗೆ ಕಾಣುವುದಿಲ್ಲ. ಗರಗಸದ ಸದ್ದಿನಲ್ಲಿ ವರ್ಷಗಟ್ಟಲೆ ದುಡಿದವರಲ್ಲಿ ಕಿವಿಯೊಳಗಿನ ಸೂಕ್ಷ್ಮ ಕೋಶಗಳು ಸವೆದು, ಮೊದಲು ಹೆಚ್ಚಿನ ಕಂಪನಾಂಕದ, ಸುಮಾರು 4,000 ಹರ್ಟ್ಸ್‌ನ ಆಸುಪಾಸಿನ ಶ್ರವಣ ಕುಗ್ಗುತ್ತದೆ. ವಯಸ್ಸು ಅದಕ್ಕೆ ತನ್ನದನ್ನೂ ಸೇರಿಸುತ್ತದೆ. ಸ್ವರಗಳು ಕೇಳುತ್ತವೆ, ಸ, ಶ, ತ, ಪಗಳಂಥ ವ್ಯಂಜನಗಳು ಜಾರಿಹೋಗುತ್ತವೆ. ಕೇಳುತ್ತದೆ ಆದರೆ ತಿಳಿಯುವುದಿಲ್ಲ ಎಂದು ಅವರು ಹೇಳಿದ್ದು ಇದನ್ನೇ. ಹಾಗಾಗಿ ಗಟ್ಟಿಯಾಗಿ ಕೂಗುವುದರಿಂದ ಪ್ರಯೋಜನವಿಲ್ಲ.

ಶ್ರವಣತಜ್ಞರ ಕೋಣೆ ಹೊರಗಿನ ಸದ್ದು ಬಾರದಂತೆ ಕಟ್ಟಿದ್ದಾಗಿರಬೇಕು. ಹೆಡ್‌ಫೋನಿನ ಮೂಲಕ 250ರಿಂದ 8,000 ಹರ್ಟ್ಸ್‌ವರೆಗೆ ಪರೀಕ್ಷಿಸುವುದರ ಜೊತೆಗೆ, ಕಿವಿಯ ಹಿಂದಿನ ಮೂಳೆಗೆ ಕಂಪನಕವಿಟ್ಟು ಪ್ರತ್ಯೇಕವಾಗಿ ಪರೀಕ್ಷಿಸಬೇಕು. ತೊಂದರೆ ಹೊರಕಿವಿ, ಮಧ್ಯಕಿವಿಯಲ್ಲಿದೆಯೋ ಒಳಗಿನ ನರದ ಕಡೆಗಿದೆಯೋ ಎಂಬುದು ಇವೆರಡರ ಅಂತರದಿಂದ ತಿಳಿಯುತ್ತದೆ. ನಮ್ಮ ಜಿಲ್ಲೆಯವರು ಮುಖ್ಯವಾಗಿ ಗಮನಿಸಬೇಕಾದದ್ದು ಇದರ ನಂತರದ ಹಂತವನ್ನು. ಪದಗಳನ್ನು ಕೇಳಿಸಿ ಹಿಂದಿರುಗಿ ಹೇಳಿಸುವ ಮಾತಿನ ಪರೀಕ್ಷೆಯೊಂದಿದೆ. ಮನೆಯಲ್ಲಿ ಜೀವಮಾನವೆಲ್ಲ ಕನ್ನಡವಾಡಿದ ಹಿರಿಯರಿಗೆ ಆ ಪರೀಕ್ಷೆಯನ್ನು ಮಲಯಾಳದ ಪದಗಳಲ್ಲಿ ನಡೆಸಿದರೆ, ಕಿವಿಯ ತಪ್ಪು ಯಾವುದು, ಭಾಷೆಯ ತಪ್ಪು ಯಾವುದು ಎಂದು ಬೇರ್ಪಡಿಸಲಾಗದೆ ಅಂಕ ಸುಳ್ಳಾಗಿ ಇಳಿಯುತ್ತದೆ. ಪೇಟೆಯ ಮಲಯಾಳ ಅವರಿಗೆ ಅರ್ಥವಾಗುತ್ತದೆ ಎಂಬುದು ಇಲ್ಲಿ ಸಾಲದು. ಈ ಪರೀಕ್ಷೆಗೆಂದೇ ಸಿದ್ಧಪಡಿಸಿದ ಕನ್ನಡ ಪದಗಳ ಪಟ್ಟಿಗಳಿವೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ, 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇಂಥ ಕೆಲಸ ನಡೆದಿದೆ. ಫೋನು ಮಾಡಿ ಸಮಯ ಕೇಳುವಾಗಲೇ "ಮಾತಿನ ಪರೀಕ್ಷೆಯನ್ನು ಕನ್ನಡದಲ್ಲಿ ಮಾಡುತ್ತೀರಾ?" ಎಂದು ಕೇಳಿ. ಉತ್ತರ ತಡವರಿಸಿದರೆ ಮಂಗಳೂರಿಗೆ ಹೋಗುವುದು ಮೇಲು.

ಪರೀಕ್ಷೆಯ ನಕ್ಷೆಯ ಪ್ರತಿಯನ್ನು ಕೇಳಿ ಪಡೆಯಿರಿ, ಅದು ನಿಮ್ಮದು. ಅದನ್ನು ಕೊಡಲು ಹಿಂಜರಿಯುವವರು ನೀವು ಬೇರೆ ಅಂಗಡಿಗೆ ಹೋಗುವಿರೆಂದು ಹೆದರುವವರು. ಒಳ್ಳೆಯ ತಜ್ಞರು ಒಂದೇ ಕಂಪನಿಯ ಹೆಸರು ಹೇಳದೆ ಎರಡು ಮೂರು ಸಾಧನಗಳನ್ನು ಹಾಕಿ ತೋರಿಸುತ್ತಾರೆ, ಸಾಧ್ಯವಾದರೆ ಕೆಲವು ದಿನ ಮನೆಯಲ್ಲಿ ಬಳಸಿ ನೋಡಲು ಕೊಡುತ್ತಾರೆ, ಕಿವಿಯೊಳಗೆ ಸಣ್ಣ ಕೊಳವೆಯಿಟ್ಟು ಸಾಧನದ ಸದ್ದು ತಮಟೆಯ ಬಳಿ ಎಷ್ಟಾಗುತ್ತದೆಂದು ಅಳೆಯುತ್ತಾರೆ. ಬಿಲ್ಲಿನಲ್ಲಿ ಮಾದರಿ, ಕ್ರಮಸಂಖ್ಯೆ, ವಾರಂಟಿ, ಮರುಹೊಂದಾಣಿಕೆಗೆ ಎಷ್ಟು ಸಲ ಹಣವಿಲ್ಲದೆ ಬರಬಹುದು ಎಂಬುದೆಲ್ಲ ಬರೆದಿರಲಿ. ಶ್ರವಣ ಸಾಧನಕ್ಕೆ ಜಿ.ಎಸ್.ಟಿ. ಇಲ್ಲ, ಸಾಧನದ ಬೆಲೆಯ ಮೇಲೆ ಅದನ್ನು ಸೇರಿಸಿದ್ದರೆ ಪ್ರಶ್ನಿಸಿ. ಮೆದುಳು ಹೊಸ ಸದ್ದಿಗೆ ಒಗ್ಗಿಕೊಳ್ಳಲು ವಾರಗಳು ಬೇಕಾಗುವುದರಿಂದ ತಜ್ಞರಲ್ಲಿಗೆ ಮತ್ತೆ ಮತ್ತೆ ಹೋಗಬೇಕಾಗುತ್ತದೆ. ದೂರದ ದೊಡ್ಡ ಹೆಸರಿಗಿಂತ, ಬಸ್ಸಿನಲ್ಲಿ ಹೋಗಿ ಬರುವಷ್ಟು ಹತ್ತಿರ ಇರುವ ನೋಂದಾಯಿತ ತಜ್ಞರೇ ನನ್ನ ಲೆಕ್ಕದಲ್ಲಿ ಒಳ್ಳೆಯ ಆಯ್ಕೆ. ನಮ್ಮ ಮಳೆಗಾಲದ ತೇವಕ್ಕೆ ಸಾಧನ ಬೇಗ ಕೆಡುತ್ತದೆ, ರಾತ್ರಿ ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿಡಿ.

ಮನೆಯ ಆದಾಯ ಕಡಿಮೆಯಿದ್ದರೆ, 60 ವರ್ಷ ದಾಟಿದವರಿಗೆ ಸಾಧನಗಳನ್ನು ಉಚಿತವಾಗಿ ಕೊಡುವ ಕೇಂದ್ರದ ರಾಷ್ಟ್ರೀಯ ವಯೋಶ್ರೀ ಯೋಜನೆ 2017ರಿಂದ ಇದೆ. ಜಿಲ್ಲೆಯ ಸಾಮಾಜಿಕ ನ್ಯಾಯ ಕಚೇರಿಯಲ್ಲಿ ವಿಚಾರಿಸಿ.

ಪ್ರಶ್ನೆ: ಕಿವಿಗೆ ಮೆಷಿನ್ ಹಾಕಿಕೊಂಡಿರುವ ನನ್ನ ಮಾವ ಆಗಾಗ ನನ್ನ ಕಾರು ಕೇಳುತ್ತಾರೆ. ಕೊಡಬಹುದೇ?
— ಓದುಗರೊಬ್ಬರು, ಕುಂಬಳೆ

ಉತ್ತರ: ಕಿವಿ ಮಂದವಾಗಿದೆ ಎಂಬ ಒಂದೇ ಕಾರಣಕ್ಕೆ ಲೈಸೆನ್ಸ್ ಅಸಿಂಧುವಾಗುವುದಿಲ್ಲ. 55 ದಾಟಿದವರು ಐದು ವರ್ಷಕ್ಕೊಮ್ಮೆ ಲೈಸೆನ್ಸನ್ನು ನವೀಕರಿಸಬೇಕು. ವೈದ್ಯರು ತುಂಬಿಸುವ ಫಾರ್ಮ್ 1ಎ ಪ್ರಮಾಣಪತ್ರದಲ್ಲಿ, ಸಾಮಾನ್ಯ ಸದ್ದಿನ ಸಂಕೇತಗಳು ಕೇಳದಷ್ಟು ಕಿವುಡುತನ ಇದೆಯೇ ಎಂಬ ಪ್ರಶ್ನೆಯೇ ಇದೆ. ಮಾವನವರ ನವೀಕರಣ ಯಾವಾಗ ಆಗಿದೆ, ಸಾಧನ ಬಂದದ್ದು ಅದಕ್ಕಿಂತ ಮೊದಲೋ ಆಮೇಲೋ ಎಂದು ನೋಡಿ. ಆಮೇಲಾಗಿದ್ದರೆ ವೈದ್ಯರ ಹೊಸ ಅಭಿಪ್ರಾಯವೊಂದನ್ನು ಬರಹದಲ್ಲಿ ಪಡೆಯುವುದು ಅವರಿಗೂ ನಿಮಗೂ ಒಳ್ಳೆಯದು. ಅದೇ ಭೇಟಿಯಲ್ಲಿ ಕಣ್ಣನ್ನೂ ಪರೀಕ್ಷಿಸಲಿ. ಸಾಧನವನ್ನು ಶರ್ಟಿನ ಕಿಸೆಯಲ್ಲಿಟ್ಟು ಓಡಿಸುವ ಅಭ್ಯಾಸ ಅವರಿಗಿದ್ದರೆ, ಅದು ಕಿವಿಗೆ ಏರುವವರೆಗೆ ಕೀಲಿಕೈ ಕೊಡಬೇಡಿ.