ಪ್ರಬಲ ಗುಣವೇ ಎಲ್ಲೆಲ್ಲೂ ಯಾಕೆ ತುಂಬಿಕೊಂಡಿಲ್ಲ?

ಓದುಗರ ಪತ್ರ: ಹತ್ತನೇ ತರಗತಿಗೆ ಜೀವವಿಜ್ಞಾನ ಹೇಳಿಕೊಡುತ್ತೇನೆ. ಮೆಂಡೆಲ್ ಪಾಠ ಮುಗಿಸಿದಾಗ ಹುಡುಗನೊಬ್ಬ ಎದ್ದು, "ಪ್ರಬಲ ಗುಣ ದುರ್ಬಲ ಗುಣವನ್ನು ಮುಚ್ಚಿಹಾಕುತ್ತೆ ಅಂದ್ಮೇಲೆ, ಇಷ್ಟೊತ್ತಿಗೆ ದುರ್ಬಲ ಗುಣಗಳೆಲ್ಲ ಮಾಯವಾಗಿರಬೇಕಿತ್ತಲ್ವಾ?" ಎಂದ. ಬಿಡಿಸಿ ಹೇಳಲು ನನಗೆ ಬರಲಿಲ್ಲ. ಇನ್ನೊಂದು ಮಾತು. ದೇಹದ ನಿಯಂತ್ರಣ, ಅನುವಂಶೀಯತೆ, ವಿಕಾಸ, ಪರಿಸರ ಈ ನಾಲ್ಕು ಪಾಠಗಳಿಗೆ ಒಂದಕ್ಕೊಂದು ಸಂಬಂಧವೇ ಕಾಣುವುದಿಲ್ಲ. ಸಮಯ ಸಾಲದಿದ್ದರೆ ಪರಿಸರವನ್ನು ಮಕ್ಕಳೇ ಓದಿಕೊಳ್ಳಲಿ ಎಂದು ಬಿಡಬಹುದೇ?
– ಒಬ್ಬ ಶಿಕ್ಷಕಿ

ಸಂಪಾದಕರ ಉತ್ತರ:

ಮೇಡಂ, ನಿಮ್ಮ ಹುಡುಗ ಕೇಳಿದ ಪ್ರಶ್ನೆಗೆ 1908ರಲ್ಲಿ ದೊಡ್ಡ ದೊಡ್ಡವರೇ ತಲೆ ಕೆಡಿಸಿಕೊಂಡಿದ್ದರು. ಗಿಡ್ಡ ಬೆರಳಿನ ಗುಣ ಪ್ರಬಲವಾದರೆ ಗಿಡ್ಡ ಬೆರಳಿನವರೇ ಯಾಕೆ ಜಾಸ್ತಿ ಇಲ್ಲ? ಕೇಂಬ್ರಿಜ್‌ನ ತಳಿವಿಜ್ಞಾನಿ ಪನ್ನೆಟ್ ಇದನ್ನು ತಮ್ಮ ಗಣಿತಜ್ಞ ಗೆಳೆಯ ಹಾರ್ಡಿಯ ಮುಂದಿಟ್ಟರು. ಹಾರ್ಡಿ ಉತ್ತರ ಬರೆದದ್ದು 'ಸೈನ್ಸ್' ಪತ್ರಿಕೆಯ ಸಂಪಾದಕರಿಗೆ ಒಂದು ಪತ್ರವಾಗಿ! (ಅಂಥ ಪತ್ರ ನಮಗೂ ಬರಲಿ ಎಂದು ಯಾವ ಸಂಪಾದಕನಿಗೂ ಆಸೆಯಾದೀತು.) ಜರ್ಮನಿಯ ವೈದ್ಯ ವೈನ್‌ಬರ್ಗ್ ಅದೇ ವರ್ಷ ತಾವಾಗಿಯೇ ಅದೇ ಉತ್ತರ ಕಂಡುಕೊಂಡಿದ್ದರು.

ಲೆಕ್ಕ ಸುಲಭ. 100 ಜನರಿದ್ದಾರೆ ಎನ್ನಿ. ಒಬ್ಬೊಬ್ಬರಲ್ಲಿ ಒಂದು ಜೀನಿನ ಎರಡು ಪ್ರತಿ, ಒಟ್ಟು 200. ಅದರಲ್ಲಿ 20 ಪ್ರಬಲ, 180 ದುರ್ಬಲ. ಯಾರು ಯಾರನ್ನು ಬೇಕಾದರೂ ಕೂಡಲಿ. ಮುಂದಿನ ಪೀಳಿಗೆಯ 100 ಮಕ್ಕಳಲ್ಲಿ ಎರಡೂ ಪ್ರತಿ ಪ್ರಬಲವಾದವರು ಸರಾಸರಿ 1, ಒಂದೊಂದು ಇರುವವರು 18, ಎರಡೂ ದುರ್ಬಲವಾದವರು 81. ಈಗ ಪ್ರಬಲ ಪ್ರತಿಗಳನ್ನು ಎಣಿಸಿ: 2 ಮತ್ತು 18, ಸೇರಿ 20. ಮೊದಲಿದ್ದಷ್ಟೇ! ಎಷ್ಟು ಪೀಳಿಗೆ ಕಳೆದರೂ ಅಷ್ಟೇ. ಬೇರೆ ಯಾವುದಾದರೂ ಶಕ್ತಿ ಕೈಹಾಕುವವರೆಗೆ ಈ ಪ್ರಮಾಣ ತಾನಾಗಿ ಅಲುಗಾಡುವುದಿಲ್ಲ.

ಹಾಗಾದರೆ ಪ್ರಬಲ ಗುಣ ಮಾಡುವುದೇನು? ಮೆಂಡೆಲ್‌ನ ಬಟಾಣಿಯನ್ನೇ ನೋಡಿ. ಗುಂಡು ಬಟಾಣಿಯಲ್ಲಿ ಪಿಷ್ಟದ ಕವಲುಗಳನ್ನು ಕಟ್ಟುವ ಒಂದು ಕಿಣ್ವ ಇರುತ್ತದೆ. ಸುಕ್ಕು ಬಟಾಣಿಯ ಜೀನಿನಲ್ಲಿ ನಡುವೆ ಬೇರೊಂದು ಡಿಎನ್‌ಎ ತುಂಡು ಬಂದು ಸೇರಿಕೊಂಡಿದೆ, ಕಿಣ್ವ ಸರಿಯಾಗಿ ತಯಾರಾಗುವುದಿಲ್ಲ. ಆ ಕಾಳಿನಲ್ಲಿ ಪಿಷ್ಟ ಕಡಿಮೆಯಾಗಿ ಸಕ್ಕರೆ ಉಳಿಯುತ್ತದೆ, ಸಕ್ಕರೆ ನೀರನ್ನು ಎಳೆದುಕೊಳ್ಳುತ್ತದೆ, ಒಣಗಿದಾಗ ಸಿಪ್ಪೆ ಸುಕ್ಕುಗಟ್ಟುತ್ತದೆ. ಒಂದೇ ಒಂದು ಒಳ್ಳೆಯ ಪ್ರತಿ ಇದ್ದರೂ ಸಾಕಷ್ಟು ಕಿಣ್ವ ತಯಾರಾಗಿ ಕಾಳು ಗುಂಡಗಾಗುತ್ತದೆ. ಅಷ್ಟೇ ವಿಷಯ. ಇನ್ನೊಂದು ಪ್ರತಿಗೆ ಅದರಿಂದ ಏನೂ ಆಗುವುದಿಲ್ಲ. ಅದು ಸುಮ್ನೆ ಜೊತೆಗಿದ್ದು, ಅರ್ಧದಷ್ಟು ಮಕ್ಕಳಿಗೆ ಹಾಗೇ ದಾಟುತ್ತದೆ.

ಮುಚ್ಚಿಕೊಂಡಿರುವುದು ದುರ್ಬಲ ಪ್ರತಿಗೆ ರಕ್ಷಣೆಯೂ ಹೌದು. ಮೇಲಿನ ಲೆಕ್ಕವನ್ನು ತಿರುವಿ ಹಾಕಿ: ಈಗ 20 ಪ್ರತಿಗಳು ಒಂದು ಮಾರಕ ದುರ್ಬಲ ಜೀನಿನವು. ಕಾಯಿಲೆ ಬೀಳುವವರು 100ಕ್ಕೆ ಒಬ್ಬರು. ಆದರೆ 20ರಲ್ಲಿ 18 ಪ್ರತಿಗಳು ಆರೋಗ್ಯವಂತರಲ್ಲೇ ಅಡಗಿರುತ್ತವೆ. ಕಾಯಿಲೆಯವರಿಗೆ ಯಾರಿಗೂ ಮಕ್ಕಳಾಗದಿದ್ದರೂ ಆ ಜೀನಿನ ಪ್ರಮಾಣ ಅರ್ಧಕ್ಕಿಳಿಯಲು 10 ಪೀಳಿಗೆ ಬೇಕು. ಅದರ ಅರ್ಧಕ್ಕಿಳಿಯಲು ಇನ್ನೂ 20.

ಇನ್ನು ನಿಮ್ಮ ಎರಡನೇ ಪ್ರಶ್ನೆ. ಪರಿಸರದ ಪಾಠ ಬಿಡಬೇಡಿ, ದಯವಿಟ್ಟು. ಬಿಟ್ಟರೆ ಉಳಿದ ಮೂರೂ ಅರ್ಧಂಬರ್ಧ ಆಗುತ್ತವೆ. ಸಿಕಲ್ ಸೆಲ್ ಕಾಯಿಲೆಯನ್ನು ತೆಗೆದುಕೊಳ್ಳಿ. ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್‌ನ ಒಂದು ಸರಪಳಿಯಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾಗಿರುತ್ತದೆ. ಆಮ್ಲಜನಕ ಕಡಿಮೆಯಾದಾಗ ಆ ಹಿಮೋಗ್ಲೋಬಿನ್ ಒಂದಕ್ಕೊಂದು ಅಂಟಿಕೊಂಡು ಕೆಂಪು ರಕ್ತಕಣವನ್ನು ಕುಡುಗೋಲಿನಂತೆ ಬಾಗಿಸುತ್ತದೆ. ಮೈಯಲ್ಲಿ ನೀರು ಕಡಿಮೆಯಾದರೆ, ವಿಪರೀತ ಚಳಿ ತಾಗಿದರೆ ನೋವು ಕಾಣಿಸಿಕೊಳ್ಳಬಹುದು. ಆರೋಗ್ಯವಂತ ದೇಹ ಸದ್ದಿಲ್ಲದೆ ಸರಿದೂಗಿಸುವ ಏರುಪೇರು ಇಲ್ಲಿ ಆಸ್ಪತ್ರೆಗೆ ಕರೆದೊಯ್ಯುತ್ತದೆ. ಇಷ್ಟು ದೇಹದ ನಿಯಂತ್ರಣದ ಪಾಠ. ಕಾಯಿಲೆ ಬರಲು ಎರಡೂ ಪ್ರತಿ ಕೆಟ್ಟಿರಬೇಕು, ವಾಹಕರಿಬ್ಬರಿಗೆ (ಒಂದೇ ಕೆಟ್ಟ ಪ್ರತಿ ಇದ್ದು ಕಾಯಿಲೆ ಬೀಳದವರಿಗೆ) ಹುಟ್ಟುವ ಪ್ರತಿ ಮಗುವಿಗೂ ಆ ಸಾಧ್ಯತೆ ನಾಲ್ಕರಲ್ಲಿ ಒಂದು. ಅದು ಮೆಂಡೆಲ್.

ಇಷ್ಟು ಕೆಟ್ಟ ಜೀನ್ ಕೆಲವು ಕಡೆ ಯಾಕೆ ಅಷ್ಟೊಂದು ಇದೆ? ಇದಕ್ಕೆ ಉತ್ತರ ಸಿಗುವುದು ಸೊಳ್ಳೆಯಿಂದ. 1954ರಲ್ಲಿ ವಿಜ್ಞಾನಿ ಆಂಥನಿ ಆಲಿಸನ್ ತೋರಿಸಿಕೊಟ್ಟಂತೆ, ಒಂದೇ ಪ್ರತಿ ಇರುವವರಿಗೆ ಮಲೇರಿಯಾದಿಂದ ರಕ್ಷಣೆ ಸಿಗುತ್ತದೆ. ಮಲೇರಿಯಾ ಬೀಡುಬಿಟ್ಟ ನೆಲದಲ್ಲಿ ವಾಹಕರೇ ಜಾಸ್ತಿ ಬದುಕುಳಿದರು, ಜೀನೂ ಉಳಿಯಿತು. ಮಲೇರಿಯಾ ಇಲ್ಲದ ಕಡೆ ಅದೇ ಜೀನ್ ಬರೀ ಹೊರೆ. ನಿಂತ ನೀರು, ಸೊಳ್ಳೆ, ಪರಾವಲಂಬಿ ಇವನ್ನು ಬದಿಗಿಟ್ಟು ಇಲ್ಲಿ ವಿಕಾಸವನ್ನು ವಿವರಿಸುವುದಾದರೂ ಹೇಗೆ? ಪರೀಕ್ಷೆಯ ಅಂಕ ನೋಡಿ ಪಾಠ ಬಿಡುವ ರೂಢಿ ನನಗೆ ಮೊದಲಿನಿಂದಲೂ ಇಷ್ಟವಿಲ್ಲ, ಇಲ್ಲಂತೂ ಅದು ನಷ್ಟದ ವ್ಯಾಪಾರ.

ಆ ಹುಡುಗನಿಗೆ ಒಂದು ಕೆಲಸ ಕೊಡಿ. ಚೀಲದಲ್ಲಿ 20 ಕಪ್ಪು, 180 ಬಿಳಿ ಮಣಿ ಹಾಕಲಿ. ಕಣ್ಣು ಮುಚ್ಚಿ ಎರಡೆರಡೇ ತೆಗೆದು, ಬರೆದುಕೊಂಡು, ಮತ್ತೆ ಚೀಲಕ್ಕೇ ಹಾಕಲಿ. ಹೀಗೆ 100 ಸಲ ಮಾಡಿದರೆ ಕಪ್ಪಿನ ಪ್ರಮಾಣ ಹೆಚ್ಚುಕಡಿಮೆ ಹತ್ತರಲ್ಲಿ ಒಂದೇ ಬರುತ್ತದೆ. ಆಮೇಲೆ ಐದೇ ಸಲ ತೆಗೆದು ನೋಡಲಿ. ಈ ಐದರ ಆಟವನ್ನು ಹಲವು ಬಾರಿ ಆಡಿದರೆ, ಸುಮಾರು ಮೂರರಲ್ಲಿ ಒಂದು ಬಾರಿ ಕಪ್ಪು ಬರುವುದೇ ಇಲ್ಲ. ಗುಂಪು ಚಿಕ್ಕದಾದರೆ ಜೀನೊಂದು ಬರೀ ಆಕಸ್ಮಿಕದಿಂದ ಅಳಿಸಿಹೋಗಬಹುದು, ಅದು ಪ್ರಬಲವೇ ಆಗಿರಲಿ, ದುರ್ಬಲವೇ ಆಗಿರಲಿ.