ಲೇಬಲ್ ನಂಬುವ ಗಂಡ, ನಂಬದ ಹೆಂಡತಿ

(ಇಬ್ಬರ ಒಪ್ಪಿಗೆ ಪಡೆದು ಬರೆದದ್ದು. ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ.)

ಆಪ್ತಸಮಾಲೋಚನೆಗೆಂದು ನನ್ನ ಬಳಿ ಬಂದ ಆ ದಂಪತಿ, ಆಹಾರದ ವಿಷಯಕ್ಕೆ ಬಂದಿದ್ದೇವೆ ಎಂದು ಮೊದಲಿಗೆ ಹೇಳಲೇ ಇಲ್ಲ. “ಇವಳಿಗೆ ನನ್ನ ಮೇಲೆ ನಂಬಿಕೆ ಹೊರಟುಹೋಗಿದೆ” ಎಂದು ಗಂಡ ಮಾತು ಶುರು ಮಾಡಿದರು. ಹೆಂಡತಿ ಸುಮ್ಮನಿದ್ದರು. ಕೆದಕುತ್ತಾ ಹೋದಾಗ ಜಗಳದ ಬುಡದಲ್ಲಿ ಸಿಕ್ಕಿದ್ದು ಒಂದು ಬಿಸ್ಕತ್ತಿನ ಪೊಟ್ಟಣ. ಅದರ ಮೇಲೆ ‘ಗ್ಲುಟೆನ್ ಮುಕ್ತ’ ಎಂದು ದಪ್ಪಕ್ಷರದಲ್ಲಿತ್ತು. ಹುಡುಕಿ ತಂದದ್ದು ಗಂಡ, ಮುಟ್ಟದೆ ಬದಿಗಿಟ್ಟದ್ದು ಹೆಂಡತಿ. “ಬರೆದಿದೆಯಲ್ಲ” ಎಂದರು ಇವರು. “ಬರೆದವರು ಯಾರು?” ಎಂದರು ಅವರು. ಅಲ್ಲಿಂದ ಮಾತು ಬಿಸ್ಕತ್ತನ್ನು ಬಿಟ್ಟು ಮದುವೆಯ ಲೆಕ್ಕಾಚಾರಕ್ಕೆ ಹೊರಳಿತ್ತು.

ಹೆಂಡತಿಗೆ ಸೀಲಿಯಾಕ್ ಕಾಯಿಲೆ ಇದೆ ಎಂದು ಗೊತ್ತಾಗಿ ಒಂದೂವರೆ ವರ್ಷವಾಗಿತ್ತು. ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನು ಹೊಟ್ಟೆಗೆ ಹೋದರೆ ದೇಹದ ರೋಗನಿರೋಧಕ ವ್ಯವಸ್ಥೆ ತನ್ನದೇ ಸಣ್ಣ ಕರುಳಿನ ಮೇಲೆ ತಿರುಗಿ ಬೀಳುವ ಕಾಯಿಲೆ ಇದು. ಸದ್ಯಕ್ಕೆ ಪಥ್ಯವೊಂದೇ ಚಿಕಿತ್ಸೆ, ಅದೂ ಜೀವನಪೂರ್ತಿ. ಅವರು ಪಥ್ಯ ಹಿಡಿದಿದ್ದರೂ ರಕ್ತಪರೀಕ್ಷೆಯಲ್ಲಿ ಈ ಕಾಯಿಲೆಯ ಸುಳಿವು ಕೊಡುವ ಪ್ರತಿಕಾಯಗಳ (ಆಂಟಿಬಾಡಿ) ಮಟ್ಟ ನಿರೀಕ್ಷಿಸಿದಷ್ಟು ಇಳಿದಿರಲಿಲ್ಲ. ಎಲ್ಲೋ ಗ್ಲುಟೆನ್ ಸೇರುತ್ತಿದೆ ಎಂದು ವೈದ್ಯರು ಹೇಳಿದ್ದೇ ತಡ, ಅವರು ಪೊಟ್ಟಣದಲ್ಲಿ ಬರುವ ಎಲ್ಲವನ್ನೂ ಅನುಮಾನದ ಪಟ್ಟಿಗೆ ಸೇರಿಸಿದರು. ತಿನ್ನುವ ಪದಾರ್ಥಗಳು ಬೆರಳೆಣಿಕೆಗೆ ಇಳಿದವು. ಹೊರಗೆ ಊಟಕ್ಕೆ ಹೋಗುವುದು ನಿಂತಿತು. ಅಂಗಡಿಯಲ್ಲಿ ಒಂದೊಂದು ವಸ್ತುವಿನ ಮುಂದೆಯೂ ನಿಂತು ಓದಿ, ಕೊನೆಗೆ ಬರಿಗೈಯಲ್ಲಿ ಮರಳುತ್ತಿದ್ದರು.

ಇಂಥ ಪ್ರಕರಣಗಳಲ್ಲಿ ‘ಗೀಳು’ ಎಂಬ ಹಣೆಪಟ್ಟಿ ಹಚ್ಚಲು ನನ್ನ ವೃತ್ತಿಯ ಕೆಲವರು ಬಹಳ ಅವಸರಪಡುತ್ತಾರೆ. ನನಗದು ಸರಿಬರುವುದಿಲ್ಲ. ಈಕೆಯ ಭಯಕ್ಕೆ ಆಧಾರವಿತ್ತು, ರಕ್ತಪರೀಕ್ಷೆಯ ವರದಿಯೇ ಇತ್ತು. ತೊಂದರೆ ಇದ್ದದ್ದು ಬೇರೆ ಕಡೆ: ಎಲ್ಲವನ್ನೂ ಒಂದೇ ಸಮನಾಗಿ ಅನುಮಾನಿಸುತ್ತಿದ್ದುದರಿಂದ ನಿಜವಾಗಿ ಅನುಮಾನಿಸಬೇಕಾದ ಜಾಗ ಕಣ್ಣಿಗೆ ಬೀಳುತ್ತಿರಲಿಲ್ಲ.

ಮುಂದಿನ ಭೇಟಿಗೆ ಮನೆಯಲ್ಲಿರುವ ಖಾಲಿ ಪೊಟ್ಟಣಗಳನ್ನೆಲ್ಲ ತನ್ನಿ ಎಂದೆ. ಒಂದು ಚೀಲ ತುಂಬ ತಂದರು. ಮೇಜಿನ ಮೇಲೆ ಹರಡಿ ಮೂವರೂ ಓದಲು ಕುಳಿತೆವು. ಒಂದು ಸಾಸಿನ ಬಾಟಲಿಯ ಮುಂಭಾಗದಲ್ಲಿ ‘ಗೋಧಿರಹಿತ’ ಎಂದಿತ್ತು, ಹಿಂಭಾಗದ ಸಣ್ಣಕ್ಷರದಲ್ಲಿ ‘ಬಾರ್ಲಿ ಮಾಲ್ಟ್ ಸಾರ’. ಗೋಧಿ ಇಲ್ಲ ಎಂದ ಮಾತ್ರಕ್ಕೆ ಗ್ಲುಟೆನ್ ಇಲ್ಲ ಎಂದಾಗುವುದಿಲ್ಲ. ಒಂದು ಹಿಟ್ಟಿನ ಪೊಟ್ಟಣದ ಮೇಲೆ ಹಸಿರು ತೆನೆಯ ಚೆಂದದ ಚಿತ್ರವಿತ್ತು, ಸಂಖ್ಯೆಯಾಗಲಿ ಸಂಸ್ಥೆಯ ಹೆಸರಾಗಲಿ ಇರಲಿಲ್ಲ. ಜಗಳಕ್ಕೆ ಕಾರಣವಾದ ಬಿಸ್ಕತ್ತಿನ ಪೊಟ್ಟಣದಲ್ಲಿ ಅಡ್ಡಗೆರೆ ಎಳೆದ ತೆನೆಯ ಮುದ್ರೆ, ಅದರ ಕೆಳಗೆ ಪರವಾನಗಿ ಸಂಖ್ಯೆ. ಗಂಡ ಮೂರನ್ನೂ ‘ಬರೆದಿದೆ’ ಎಂದೇ ಎಣಿಸಿದ್ದರು. ಹೆಂಡತಿ ಮೂರನ್ನೂ ‘ಬರೆದುಕೊಂಡಿದ್ದಾರೆ’ ಎಂದು ತಳ್ಳಿಹಾಕಿದ್ದರು.

ಈ ವ್ಯತ್ಯಾಸವನ್ನು ವಿವರಿಸುವುದಕ್ಕೇ ಆ ದಿನದ ಹೆಚ್ಚಿನ ಹೊತ್ತು ಹೋಯಿತು. ಅಂತರರಾಷ್ಟ್ರೀಯ ಆಹಾರ ಮಾನದಂಡವಾದ ಕೋಡೆಕ್ಸ್ ಪ್ರಕಾರ ‘ಗ್ಲುಟೆನ್ ಮುಕ್ತ’ ಎನ್ನಿಸಿಕೊಳ್ಳಲು ಪದಾರ್ಥದಲ್ಲಿ ಗ್ಲುಟೆನ್ ಪ್ರಮಾಣ ಕಿಲೋಗೆ 20 ಮಿಲಿಗ್ರಾಂ, ಅಂದರೆ 20 ಪಿಪಿಎಂ (ಹತ್ತು ಲಕ್ಷದಲ್ಲಿ 20 ಭಾಗ) ಮೀರಬಾರದು. ಹಲವು ದೇಶಗಳ ಕಾನೂನು ಇದೇ ಮಿತಿಯನ್ನು ಹಿಡಿದಿದೆ. ಆದರೆ ಮಿತಿ ಇರುವುದು ಬೇರೆ, ಮಿತಿಯೊಳಗಿದೆಯೇ ಎಂದು ಯಾರಾದರೂ ನೋಡುವುದು ಬೇರೆ. ಅಮೆರಿಕದ 2013ರ ನಿಯಮವನ್ನೇ ನೋಡಿ: ಮಾತು ಸುಳ್ಳಾದರೆ ತಯಾರಕನೇ ಹೊಣೆ, ಆದರೆ ಮಾರುವ ಮೊದಲು ಪರೀಕ್ಷೆ ಮಾಡಿಸಲೇಬೇಕೆಂಬ ಕಡ್ಡಾಯವಿಲ್ಲ. ಆ ಸಂದಿಯನ್ನು ಮುಚ್ಚುವುದು ಪ್ರಮಾಣೀಕರಣ. ತಯಾರಕನಲ್ಲದ, ಕೊಳ್ಳುವವನೂ ಅಲ್ಲದ ಮೂರನೆಯವರು ಕಚ್ಚಾವಸ್ತು ಎಲ್ಲಿಂದ ಬರುತ್ತದೆ, ಅದೇ ಯಂತ್ರದಲ್ಲಿ ಗೋಧಿಯ ಪದಾರ್ಥವೂ ತಯಾರಾಗುತ್ತದೆಯೇ, ನಡುವೆ ಶುಚಿ ಮಾಡುವ ಕ್ರಮವೇನು ಎಂದೆಲ್ಲ ಕಾರ್ಖಾನೆಗೆ ಹೋಗಿ ಪರಿಶೀಲಿಸುತ್ತಾರೆ. ಸಿದ್ಧ ಪದಾರ್ಥ ಪ್ರಯೋಗಾಲಯಕ್ಕೆ ಹೋಗುತ್ತದೆ. ಒಮ್ಮೆ ನೋಡಿ ಕೈತೊಳೆದುಕೊಳ್ಳುವುದಿಲ್ಲ, ತಪಾಸಣೆ ಮತ್ತೆ ಮತ್ತೆ ನಡೆಯುತ್ತದೆ; ತಪ್ಪು ಕಂಡರೆ ಮುದ್ರೆ ಹಾಕಿಕೊಳ್ಳುವ ಹಕ್ಕೇ ಹೋಗುತ್ತದೆ. ಜಿಎಫ್‌ಸಿಒ ಎಂಬ ಪ್ರಮಾಣೀಕರಣ ಸಂಸ್ಥೆಯ ಮಿತಿ ಕಾನೂನಿಗಿಂತಲೂ ಬಿಗಿ, 10 ಪಿಪಿಎಂ.

“ಸೊನ್ನೆ ಯಾಕಿಲ್ಲ?” ಎಂದು ಹೆಂಡತಿ ತಕ್ಷಣ ಕೇಳಿದರು. ಒಳ್ಳೆಯ ಪ್ರಶ್ನೆ. ಯಾವ ಪರೀಕ್ಷೆಯೂ ಸೊನ್ನೆಯನ್ನು ಸಾಬೀತು ಮಾಡಲಾರದು. ಅಳೆಯಲು ಸಾಧ್ಯವಾಗುವ ಕನಿಷ್ಠ ಪ್ರಮಾಣ ಎಂಬುದೊಂದು ಇದ್ದೇ ಇರುತ್ತದೆ. ಕಾಗದ ತೆಗೆದುಕೊಂಡು ಲೆಕ್ಕ ಹಾಕಿದೆವು. 20 ಪಿಪಿಎಂ ಅಂಚಿನಲ್ಲೇ ಇರುವ ಬಿಸ್ಕತ್ತನ್ನು 50 ಗ್ರಾಂ ತಿಂದರೆ ಒಳಗೆ ಹೋಗುವುದು 1 ಮಿಲಿಗ್ರಾಂ ಗ್ಲುಟೆನ್. ದಿನವೊಂದಕ್ಕೆ 50 ಮಿಲಿಗ್ರಾಂ ಗ್ಲುಟೆನ್ ಮೂರು ತಿಂಗಳು ತಿಂದವರ ಕರುಳಿಗೆ ಹಾನಿಯಾದದ್ದನ್ನು 2007ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತ್ತು. ದಿನಕ್ಕೆ 10 ಮಿಲಿಗ್ರಾಂಗಿಂತ ಕಡಿಮೆಯಾದರೆ ಹೆಚ್ಚಿನವರಿಗೆ ತೊಂದರೆಯಾಗುವ ಸಂಭವ ಕಡಿಮೆ ಎಂಬುದು ತಜ್ಞರ ಸಾಮಾನ್ಯ ಅಭಿಪ್ರಾಯ. ಇನ್ನೊಂದು ಕಡೆ, ಗೋಧಿಯ ಬ್ರೆಡ್ಡಿನ ಒಂದು ಹೋಳಿನಲ್ಲಿ ಗ್ಲುಟೆನ್ ಇರುವುದು ಗ್ರಾಂ ಲೆಕ್ಕದಲ್ಲಿ. ಚಿಟಿಕೆಯಷ್ಟು ಪುಡಿ ಬಿದ್ದರೂ ಮಿಲಿಗ್ರಾಂ ಲೆಕ್ಕ ತಲೆಕೆಳಗಾಗುತ್ತದೆ.

ಇಲ್ಲಿಗೆ ಬಂದಾಗ ನಾನು ಬೇಕೆಂದೇ ಗಂಡನ ಕಡೆ ತಿರುಗಿದೆ. ಬೆಳಿಗ್ಗೆ ಏನು ತಿನ್ನುತ್ತೀರಿ? ಗೋಧಿ ಬ್ರೆಡ್ಡು, ಜಾಮ್. ಜಾಮ್ ಬಾಟಲಿ? ಇಬ್ಬರಿಗೂ ಒಂದೇ. ಚಾಕು? ಬ್ರೆಡ್ಡಿಗೆ ಸವರಿದ ಚಾಕುವೇ ಮತ್ತೆ ಬಾಟಲಿಯೊಳಗೆ. ಟೋಸ್ಟರ್? ಒಂದೇ. ಅವರು ಹೆಂಡತಿಯ ಮುಖ ನೋಡಿದರು. ಆಕೆ ಏನೂ ಹೇಳಲಿಲ್ಲ, ಮೇಜಿನ ಮೇಲಿದ್ದ ಬಿಸ್ಕತ್ತಿನ ಪೊಟ್ಟಣವನ್ನು ಇನ್ನೊಮ್ಮೆ ತಿರುಗಿಸಿ ನೋಡಿದರು.

ಮುದ್ರೆಗೂ ಎಲ್ಲೆಗಳಿವೆ, ಅದನ್ನೂ ಮುಚ್ಚಿಡಲಿಲ್ಲ. ಪೊಟ್ಟಣ ಒಡೆದ ಮೇಲೆ ಏನಾಗುತ್ತದೆ ಎಂಬುದಕ್ಕೆ ಅದು ಜವಾಬ್ದಾರಿಯಲ್ಲ. ಪ್ರತಿಯೊಂದು ಬಿಸ್ಕತ್ತನ್ನೂ ಯಾರೂ ಪರೀಕ್ಷಿಸುವುದಿಲ್ಲ, ಮಾದರಿಗಳನ್ನಷ್ಟೇ ಪರೀಕ್ಷಿಸುತ್ತಾರೆ. ಓಟ್ಸ್‌ನಲ್ಲಿ ಇದು ಹೆಚ್ಚು ಕಾಡುತ್ತದೆ. ಹೊಲದಲ್ಲೋ ಲಾರಿಯಲ್ಲೋ ಗೋದಾಮಿನಲ್ಲೋ ಬೆರೆತ ಗೋಧಿಯ ಕಾಳುಗಳು ಒಂದು ಪೊಟ್ಟಣದಲ್ಲಿ ಗುಂಪಾಗಿ ಸೇರಿ, ಪಕ್ಕದ ಪೊಟ್ಟಣದಲ್ಲಿ ಇಲ್ಲದೇ ಇರಬಹುದು. ಹಲವು ಮಾದರಿಗಳನ್ನು ಬೆರೆಸಿ ಸರಾಸರಿ ತೆಗೆದರೆ ಆ ಪೊಟ್ಟಣ ಕಣ್ತಪ್ಪಿಸಿಕೊಳ್ಳುತ್ತದೆ. ಶುದ್ಧ ಓಟ್ಸ್ ಕೂಡ ಕೆಲವು ರೋಗಿಗಳಿಗೆ ಒಗ್ಗುವುದಿಲ್ಲ. ಈಕೆ ಮಾತ್ರ ಪ್ರಮಾಣೀಕೃತ ಬಿಸ್ಕತ್ತನ್ನು ದೂರವಿಟ್ಟು, ‘ಸಹಜವಾಗಿಯೇ ಗ್ಲುಟೆನ್ ಇಲ್ಲದ್ದು’ ಎಂಬ ನಂಬಿಕೆಯಿಂದ ಯಾವ ಮುದ್ರೆಯೂ ಇಲ್ಲದ ಓಟ್ಸನ್ನು ದಿನಾ ತಿನ್ನುತ್ತಿದ್ದರು!

ನಾನು ಕೊಟ್ಟ ಸಲಹೆ ಹೀಗಿತ್ತು. ಆಹಾರತಜ್ಞರನ್ನು ಕಂಡು ಓಟ್ಸ್, ಸಾಸ್, ನುಂಗುವ ಮಾತ್ರೆಗಳೂ ಸೇರಿದಂತೆ ಪೂರ್ತಿ ಪಟ್ಟಿ ತೋರಿಸಿ. ಅದು ನನ್ನ ಕೆಲಸವಲ್ಲ. ಲೇಬಲ್ ಓದುವ ಕೆಲಸವನ್ನು ಹೆಂಡತಿಯೊಬ್ಬರೇ ಹೊರುವುದು ಬೇಡ, ಗಂಡನೂ ಕಲಿಯಲಿ: ಮುದ್ರೆಯಲ್ಲಿ ಸಂಸ್ಥೆಯ ಹೆಸರು ಅಥವಾ ಪರವಾನಗಿ ಸಂಖ್ಯೆ ಇದೆಯೇ, ಆ ಸಂಸ್ಥೆಯ ಪಟ್ಟಿಯಲ್ಲಿ ಈ ಪದಾರ್ಥ ನಿಜವಾಗಿ ಇದೆಯೇ ಎಂದು ನೋಡಲಿ. ಹಾಗೆ ಒಮ್ಮೆ ಪರಿಶೀಲಿಸಿದ್ದನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಮುಂದಿನ ಸಲ ಪದಾರ್ಥಗಳ ಪಟ್ಟಿ ಬದಲಾಗಿದೆಯೇ ಎಂದಷ್ಟೇ ಕಣ್ಣಾಡಿಸಿದರೆ ಸಾಕು, ಮೊದಲಿನಿಂದ ವಿಚಾರಣೆ ಬೇಡ. ಜಾಮ್, ಬೆಣ್ಣೆ, ಟೋಸ್ಟರ್ ಬೇರೆ ಬೇರೆ ಇರಲಿ. ಇನ್ನು ಮಾತಿನ ವಿಷಯ. “ಬರೆದಿದೆಯಲ್ಲ” ಎನ್ನುವ ಬದಲು “ಇದನ್ನು ನಾನು ಪರಿಶೀಲಿಸಿದ್ದೇನೆ, ನೀನೂ ಒಮ್ಮೆ ನೋಡು” ಎಂದು ಹೇಳಿ ಎಂದು ಗಂಡನಿಗೆ ಸೂಚಿಸಿದೆ. ಆಕೆ ಕೇಳುತ್ತಿದ್ದುದು ಗಂಡನ ಪ್ರಾಮಾಣಿಕತೆಗೆ ಸಾಕ್ಷಿಯಲ್ಲ, ಪೊಟ್ಟಣದ ಪ್ರಾಮಾಣಿಕತೆಗೆ. ಅದು ಅವರಿಗೆ ಅರ್ಥವಾಗಲು ಹೊತ್ತು ಹಿಡಿಯಿತು.

ಹೆಂಡತಿಗೆ ಕೊಟ್ಟ ಅಭ್ಯಾಸ ಸಣ್ಣದು: ವಾರಕ್ಕೊಂದು ಹೊಸ ಪ್ರಮಾಣೀಕೃತ ಪದಾರ್ಥ, ಗಡಿಬಿಡಿಯಿಲ್ಲದ ದಿನ, ಮನೆಯಲ್ಲೇ. ಹೊಟ್ಟೆ ಕೆಟ್ಟರೆ ಆ ದಿನ ತಿಂದದ್ದನ್ನೆಲ್ಲ ಬರೆಯಬೇಕು, ಹೊಸದರ ಮೇಲೆಯೇ ತಪ್ಪು ಹೊರಿಸಬಾರದು.

ಕೆಲವು ತಿಂಗಳ ನಂತರದ ವರದಿಯಲ್ಲಿ ಪ್ರತಿಕಾಯಗಳ ಮಟ್ಟ ಇಳಿಮುಖವಾಗಿತ್ತು. ಓಟ್ಸ್ ಬಿಟ್ಟದ್ದರಿಂದಲೋ, ಜಾಮ್ ಬಾಟಲಿ ಬೇರೆ ಮಾಡಿದ್ದರಿಂದಲೋ, ಸಾಸ್ ಎಸೆದದ್ದರಿಂದಲೋ ಹೇಳಲಾಗದು, ಎಲ್ಲವೂ ಒಟ್ಟಿಗೇ ನಡೆದಿದ್ದವು. ಹೊರಗಿನ ಊಟಕ್ಕೆ ಆಕೆ ಈಗಲೂ ಹೋಗುವುದಿಲ್ಲ, ಅದರ ಬಗ್ಗೆ ಮಾತುಕತೆ ಮುಂದುವರಿದಿದೆ. ಅಂಗಡಿಗೆ ಮಾತ್ರ ಈಗ ಗಂಡನೊಬ್ಬರೇ ಹೋಗುತ್ತಾರೆ, ಆಕೆಯೇ ಬರೆದ ಪುಸ್ತಕ ಹಿಡಿದುಕೊಂಡು.