ಅಮ್ಮನ ಬದುಕನ್ನು ಬರೆಯುವುದು ಎಲ್ಲಿಂದ?

ಪ್ರಶ್ನೆ: ನನ್ನ ತಾಯಿ 92 ವರ್ಷ ಬಾಳಿ ಈಚೆಗೆ ತೀರಿಕೊಂಡರು. ಐವರು ಮಕ್ಕಳನ್ನು ಸಾಕುತ್ತಲೇ ಸುಮಾರು 40 ವರ್ಷ ಅಂಧ ವಿದ್ಯಾರ್ಥಿಗಳಿಗೆ ಪಾಠ ಓದಿ ಹೇಳುವ, ಅವರ ಪರವಾಗಿ ಪರೀಕ್ಷೆ ಬರೆಯುವ ಸೇವೆ ಮಾಡಿದರು. ಸ್ಮರಣ ಪುಸ್ತಿಕೆ ತರಬೇಕೆಂದು ಕುಳಿತರೆ ‘ಮಮತಾಮಯಿ’, ‘ತ್ಯಾಗಮಯಿ’ ಎಂಬ ಮಾತುಗಳನ್ನು ದಾಟಿ ಲೇಖನಿ ಮುಂದೆ ಹೋಗುತ್ತಿಲ್ಲ. ನನ್ನದೇ ಪರೀಕ್ಷೆಯ ಬೆಳಿಗ್ಗೆ ಅವರು ಇನ್ನಾರದೋ ಪರೀಕ್ಷೆ ಬರೆಯಲು ಹೋಗಿದ್ದ ನೋವು ಇಂದಿಗೂ ಮಾಸಿಲ್ಲ. ಅದನ್ನು ಬರೆಯಬಹುದೇ?

ಉತ್ತರ: ನೀವು ಹೇಳಿದ ಆ ಎರಡು ಪದಗಳನ್ನು ಯಾರ ತಾಯಿಯ ಹೆಸರಿನ ಮುಂದೆ ಇಟ್ಟರೂ ಹೊಂದುತ್ತವೆ, ಲೇಖನಿ ನಿಂತಿರುವುದು ಅಲ್ಲಿಯೇ. ತಾಯಿ ನಿಮ್ಮನ್ನು ಹೆರುವ ಮೊದಲಿನ ಬದುಕನ್ನು ನೀವು ಕಂಡಿಲ್ಲ, ಅವರು ಹೊಸ್ತಿಲು ದಾಟಿ ಹೋದ ಮೇಲಿನದನ್ನೂ ಕಂಡಿಲ್ಲ. ಆದ್ದರಿಂದ ಬರೆಯುವುದಕ್ಕಿಂತ ಮೊದಲು ಕೇಳಬೇಕಾಗಿದೆ. ಅವರ ಒಡಹುಟ್ಟಿದವರೋ ಗೆಳತಿಯರೋ ಇದ್ದರೆ ಮೊದಲು ಅವರ ಬಳಿಗೆ ಹೋಗಿ. ಹಿರಿಯರನ್ನು ಹಳೆಯದನ್ನು ನೆನೆಯಲು ಕೇಳಿದಾಗ ಸುಮಾರು 10ರಿಂದ 30ರ ವಯಸ್ಸಿನೊಳಗಿನ ಸಂಗತಿಗಳೇ ಹೆಚ್ಚಾಗಿ ಮೇಲೇಳುತ್ತವೆ ಎಂಬುದನ್ನು ಮನೋವಿಜ್ಞಾನಿಗಳು ಮತ್ತೆ ಮತ್ತೆ ಕಂಡಿದ್ದಾರೆ. ನಿಮಗೆ ತಿಳಿಯದಿರುವುದೂ ಬಹುಮಟ್ಟಿಗೆ ಆ ವರ್ಷಗಳೇ. ‘ಅಮ್ಮ ಹೇಗಿದ್ದರು?’ ಎಂದು ಕೇಳಿದರೆ ‘ಬಹಳ ಒಳ್ಳೆಯವರು’ ಎಂಬ ಉತ್ತರ ಬಂದು ಮಾತು ಮುಗಿದುಹೋಗುತ್ತದೆ. ಬದಲಿಗೆ ಹಳೆಯ ಫೋಟೋ ಒಂದನ್ನು ಅವರ ಕೈಗಿಟ್ಟು ಸುಮ್ಮನಿರಿ. ಅವರು ಗುರುತಿಸಿದ ಹೆಸರುಗಳನ್ನು ಹಿಂಬದಿಯಲ್ಲಿ ಮೃದುವಾದ ಪೆನ್ಸಿಲ್‌ನಿಂದಲೇ ಬರೆಯಿರಿ; ಬಾಲ್‌ಪೆನ್ನಿನ ಒತ್ತು ಮುಂಬದಿಯಲ್ಲಿ ಗೆರೆಯಾಗಿ ಮೂಡುತ್ತದೆ.

ಸೇವೆಯ ವಿಷಯದಲ್ಲಿ ಸನ್ಮಾನಪತ್ರಗಳಿಂದ ಹೆಚ್ಚೇನೂ ಸಿಗಲಾರದು. ಓದಿ ಹೇಳುವವರು ಸಾಮಾನ್ಯವಾಗಿ ಯಾರಿಗೆ ಯಾವ ಪುಸ್ತಕದ ಎಷ್ಟನೆಯ ಪುಟಕ್ಕೆ ನಿಲ್ಲಿಸಿದೆವೆಂದು ಎಲ್ಲಾದರೂ ಗುರುತು ಹಾಕಿಕೊಂಡಿರುತ್ತಾರೆ. ಅಂಥ ನೋಟುಪುಸ್ತಕವೋ ಡೈರಿಯೋ ಸಿಕ್ಕರೆ ಅದರ ಒಂದು ಪುಟವನ್ನು ಇದ್ದ ಹಾಗೆಯೇ ಅಚ್ಚು ಮಾಡಿಸಿ. ಓದಿಸಿಕೊಂಡವರು ನಿಮ್ಮ ತಾಯಿಯ ಮುಖವನ್ನು ಕಂಡಿರದಿದ್ದರೂ ಅವರ ದನಿಯನ್ನು ಮಕ್ಕಳಾದ ನಿಮಗಿಂತ ಸೂಕ್ಷ್ಮವಾಗಿ ಬಲ್ಲರು: ಯಾವ ಪಾಠಕ್ಕೆ ಬೇಸರಪಡುತ್ತಿದ್ದರು, ಎಲ್ಲಿ ತಡವರಿಸಿ ನಗುತ್ತಿದ್ದರು ಎಂಬುದನ್ನು ಅವರಿಂದಲೇ ಕೇಳಬೇಕು. (ಬಿಡುಗಡೆಗೆ ದಿನ ಹುಡುಕುತ್ತಿದ್ದರೆ, ವಿಶ್ವಸಂಸ್ಥೆಯ ಮಹಾಸಭೆ 1985ರಲ್ಲಿ ಗೊತ್ತುಪಡಿಸಿದ ಸ್ವಯಂಸೇವಕರ ದಿನ ಡಿಸೆಂಬರ್ 5ರಂದು ಬರುತ್ತದೆ.)

ಇನ್ನು ನಿಮ್ಮ ನೋವು. ಖಂಡಿತ ಬರೆಯಿರಿ. ಊರಿಗೆಲ್ಲ ಸಮಯ ಕೊಟ್ಟವರ ಮನೆಯಲ್ಲಿ ಕಾದು ಕುಳಿತವರು ಇದ್ದೇ ಇರುತ್ತಾರೆ. ಅದನ್ನು ಮುಚ್ಚಿಟ್ಟರೆ ಅವರು ಕೊಟ್ಟದ್ದು ಎಷ್ಟೆಂಬುದೂ ಓದುವವರಿಗೆ ತಿಳಿಯುವುದಿಲ್ಲ. ಆದರೆ ದೂರಿನ ರೂಪದಲ್ಲಿ ಬೇಡ. ಅಂದು ಬಾಗಿಲಲ್ಲಿ ಅವರು ಏನು ಹೇಳಿ ಹೊರಟರು, ನೀವು ಏನೆಂದಿರಿ ಎಂಬಷ್ಟನ್ನೇ ಬರೆಯಿರಿ. ಆ ಬೆಳಿಗ್ಗೆ ಅವರು ಯಾರ ಪರೀಕ್ಷೆ ಬರೆದರೆಂಬುದನ್ನೂ ವಿಚಾರಿಸಿ. ಆ ವಿದ್ಯಾರ್ಥಿ ಸಿಕ್ಕಿ, ಒಪ್ಪಿದರೆ, ಆ ದಿನದ ಬಗ್ಗೆ ಅವರು ಹೇಳುವುದನ್ನು ನಿಮ್ಮ ಬರಹದ ಎದುರಿನ ಪುಟದಲ್ಲಿ ಹಾಕಿ.